ಬಂಡೆಯ ಹಿಂದಿನ ನಾಲ್ಕನೆಯವನು

ಹೆಸರು ಬಾಯಿಂದ ಹೊರಗೆ ಬಿದ್ದ ಮೇಲೆಯೇ ಅದು ಯಾರದೆಂದು ತಾರಾಬಾಯಿಗೆ ತಿಳಿದದ್ದು. ಅದಕ್ಕೆ ಮೊದಲು ಅದು ಬರೀ ಅಕ್ಷರವಾಗಿತ್ತು. ಬೆರಳ ತುದಿಯಲ್ಲಿ ಒಂದು, ಬೆರಳು ಸರಿದರೆ ಇನ್ನೊಂದು. ಎರಡು ವರ್ಷದ ಕೆಳಗೆ, ಮೂವತ್ತೆರಡನೆಯ ವಯಸ್ಸಿನಲ್ಲಿ, ಸಂಜೆ ಅಡಿಗೆ ಮುಚ್ಚಿಟ್ಟು ಸ್ಲೇಟು ಹಿಡಿದು ಬಂದವಳಿಗೆ ವೈದೇಹಿ ಅಕ್ಕೋರು ಕಲಿಸಿದ್ದೇ ಹಾಗೆ. "ಕಣ್ಣಿಲೆ ಓದಬ್ಯಾಡ ತಾರಾ, ಬಾಯಿಲೆ ಓದು. ಕಣ್ಣು ಸಾಲು ಹಾರತಾವ, ಬಾಯಿ ಹಾರೂದಿಲ್ಲ." ಹಾಗಾಗಿ ಅವಳು ಮೊದಲು ತಿಳಿದು ಆಮೇಲೆ ಅನ್ನುವವಳಲ್ಲ; ಮೊದಲು ಅಂದು, ಅಂದದ್ದನ್ನು ತನ್ನ ಕಿವಿಯಿಂದಲೇ ಕೇಳಿಸಿಕೊಂಡು, ಆಮೇಲೆ ತಿಳಿಯುವವಳು. ಆ ಶನಿವಾರ ಮಧ್ಯಾಹ್ನವೂ ಸಾಬರಮತಿ ದಡದ ನವರಂಗಪುರದ ಅಕ್ಕೋರ ಪಡಸಾಲೆಯಲ್ಲಿ, ಬಾಗಿಲಿಗೆ ಒದ್ದೆ ಗೋಣಿತಟ್ಟು ಇಳಿಬಿಟ್ಟುಕೊಂಡು, ಅಮೆರಿಕದಿಂದ ಬಂದ ನೀಲಿ ಕಾಗದವನ್ನು ಮೊಣಕಾಲ ಮೇಲೆ ಹಾಸಿಕೊಂಡು ಅವಳು ಹಾಗೆಯೇ ಓದುತ್ತಿದ್ದಳು. 'ನಾಯಕ, ವೈದ್ಯ, ಲೆಕ್ಕ ಮಾಡುವ ಹೆಂಗಸು, ಮೂವರೂ ಬಂಡೆಯ ಈಚೆ ನಿಂತರು. ಹಿಂದೆ ಏನಿದೆ ನೋಡಿ ಬಾ ಎಂದು ನಾಲ್ಕನೆಯವನನ್ನು ಕಳಿಸಿದರು. ಹೋದವನು ಒಂದು ಸಲ ಕೂಗಿದ. ಇವರು ಓಡಿ ಹೋಗಿ ನೋಡುವಷ್ಟರಲ್ಲಿ ಸತ್ತು ಬಿದ್ದಿದ್ದ. ನೀನು ಪ್ರತಿ ಪತ್ರದಲ್ಲೂ ಅವನ ಹೆಸರು ಕೇಳುತ್ತೀಯಲ್ಲ, ಈ ಸಲ ಗೊತ್ತಾಯಿತು, ಬರೆದುಕೋ. ಅವನ ಹೆಸರು...' ಬೆರಳು ಸರಿಯಿತು. ಜ. ಯ. ತೀ. ಕೊನೆಯ ಅಕ್ಷರ ತೊಡಕಾಗಿತ್ತು, ಅದನ್ನು ಬಿಡಿಸಿಕೊಂಡ ಖುಷಿಯಲ್ಲಿ, ಪಾಠ ಒಪ್ಪಿಸುವ ಮಗುವಿನ ಹಾಗೆ, ನಾಲ್ಕನ್ನೂ ಕೂಡಿಸಿ ಗಟ್ಟಿಯಾಗಿ ಅಂದಳು: "ಜಯತೀರ್ಥ!"

ಜಯತೀರ್ಥ ಅವಳ ಗಂಡ. ಆ ಕಾಗದ ಬರೆದವನೂ ಅವನೇ.

ಹದಿನೆಂಟು ವರ್ಷದ ಸಂಸಾರದಲ್ಲಿ ಆ ಹೆಸರನ್ನು ಅವಳು ನಾಲ್ಕೋ ಐದೋ ಸಲ ಹೇಳಿದ್ದಳು. ಹೇಳಿದ್ದು ಅಂದರೆ ಒಡಪಿನಲ್ಲಿ. ಮದುವೆಯ ಹೊಸ್ತಿಲಲ್ಲಿ, ನಾದಿನಿಯ ಸೀಮಂತದ ಕುಬಸದಲ್ಲಿ, ಸುತ್ತ ಮುತ್ತೈದೆಯರು ಕೂತು "ಹೆಸರ ಹೇಳು, ಹೆಸರ ಹೇಳದ ಒಳಗ ಬಿಡೂದಿಲ್ಲ" ಎಂದು ಕಾಡಿದಾಗ, ಕೈಯಲ್ಲಿ ಅಕ್ಕಿ ಹಿಡಿದು, ತಲೆ ತಗ್ಗಿಸಿ, 'ಹಿತ್ತಾಳಿ ಸಮೆಯಾಗ ಹತ್ತಿಯ ಬತ್ತಿ, ಜಯತೀರ್ಥರಾಯರು ಬಂದಾರ ಮನಿಯ ಹೊಸ್ತಿಲ ಹತ್ತಿ.' ಮುಂದೆ ಒಂದು ದೀಪ, ಹಿಂದೆ ಒಂದು ಹೊಸ್ತಿಲು, ನಡುವೆ ಸೆರಗಿನಲ್ಲಿ ಮುಚ್ಚಿಕೊಂಡ ಹಾಗೆ ಹೆಸರು. ಬರಿದಾಗಿ ಎಂದೂ ಅಂದವಳಲ್ಲ. ಅಂದರೆ ಗಂಡನ ಆಯುಷ್ಯ ಸವೆಯುತ್ತದೆಂದು ಅವಳ ಅತ್ತೆ ನಂಬಿದ್ದಳು, ಅತ್ತೆ ನಂಬಿದ್ದನ್ನು ನಂಬದೆ ಬಿಡುವ ಧೈರ್ಯ ತಾರಾಬಾಯಿಗಿರಲಿಲ್ಲ. ರೇಷನ್ ಕಾರ್ಡಿನವರು ಕೇಳಿದರೆ ಅಕ್ಕೋರ ಕಡೆ ನೋಡುತ್ತಿದ್ದಳು. ಅಮೆರಿಕಕ್ಕೆ ಬರೆದ ಕಾಗದಗಳ ಮೇಲೆ ವಿಳಾಸ ಬರೆಯುತ್ತಿದ್ದುದೂ ಅಕ್ಕೋರೇ, ಅದೂ ಇಂಗ್ಲಿಷಿನಲ್ಲಿ. ಅವನಾದರೂ ಕಾಗದದ ಕೊನೆಗೆ 'ಇತಿ' ಎಂದು ಬರೆದು ನಿಲ್ಲಿಸುತ್ತಿದ್ದ. ಹಾಗಾಗಿ ಕನ್ನಡದ ಅಕ್ಷರದಲ್ಲಿ ಗಂಡನ ಹೆಸರು ನೋಡಲು ಹೇಗಿರುತ್ತದೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಎದುರಿಗೆ ಬಂದು ನಿಂತರೂ ಗುರುತು ಹತ್ತಿರಲಿಲ್ಲ. ಗುರುತು ಹತ್ತುವ ಹೊತ್ತಿಗೆ ಅವನು ಸತ್ತು ಬಿದ್ದಿದ್ದ.

ಎದುರು ಮನೆಯ ಕಾಂತಾಬೆನ್ ಈಳಿಗೆಯ ಮುಂದೆ ಕೂತು ಮಾವಿನಕಾಯಿ ಹೋಳು ಮಾಡುತ್ತಿದ್ದಳು. ಅವಳಿಗೆ ಕನ್ನಡ ಬಾರದು; ಆದರೂ ಕಾಗದದಲ್ಲಿ ಬರುವ ಅಮೆರಿಕದ ಟೆಲಿವಿಷನ್ ಕತೆಯನ್ನು ಒಂದು ವಾರವೂ ತಪ್ಪಿಸುವವಳಲ್ಲ. "ಕೋಣ್ ಮರೀ ಗಯುಂ, ಬೆನ್?" ಎಂದಳು. ಯಾರು ಸತ್ತರು ಎಂಬುದು ಪ್ರತಿ ವಾರ ಇದೇ ಜಾಗದಲ್ಲಿ ಅವಳು ಕೇಳುವ ಪ್ರಶ್ನೆ. "ಚೋಥೋ" ಎಂದು, ನಾಲ್ಕನೆಯವನು ಎಂದು, ಪ್ರತಿ ವಾರ ನಗುತ್ತ ಉತ್ತರ ಕೊಡುವವಳು ಸುಲೋಚನಾ. ಇವತ್ತು ಸುಲೋಚನಾ ಉತ್ತರ ಬಿಟ್ಟು ಕಾಗದದ ಕಡೆಗೇ ಬಗ್ಗಿದಳು. ಮೈಸೂರಿನಲ್ಲಿ ಬಿ.ಎ. ಓದಿದವಳು; ಗಂಡ ಹರಿಪ್ರಸಾದ, ಪ್ರಯೋಗಶಾಲೆಯ ವಿಜ್ಞಾನಿ, ಅಲ್ಲಿಂದ ಜಯತೀರ್ಥನೂ ಸೇರಿ ಅಮೆರಿಕಕ್ಕೆ ಹೋದ ನಾಲ್ವರಲ್ಲಿ ಒಬ್ಬ. ಅವನನ್ನು ಎಲ್ಲರೆದುರೂ 'ಹರಿ' ಎಂದು ಕರೆಯುವವಳು.

"ಏನೋ ತಪ್ಪು ಓದಿದೀರ ನೀವು," ಎಂದಳು ಸುಲೋಚನಾ ಕೊನೆಗೆ. "ಇನ್ನೊಂದ್ಸಲ ನೋಡ್ರೀ ತಾರಾಬಾಯಿ. ನಿಮ್ಮ ಓದು ನಂಗೊತ್ತಿಲ್ವೇ?"

ಎರಡು ವರ್ಷ ತಪ್ಪು ಓದಿಬಿಟ್ಟೇನೆಂದು ಹೆದರಿದವಳು ಈಗ ಮೊದಲ ಸಲ ತಾನು ತಪ್ಪು ಓದಿರಲಪ್ಪಾ ಎಂದು ಬೇಡಿಕೊಂಡಳು. ತುಟಿ ಬಿಗಿದು ಬೆರಳನ್ನು ಮತ್ತೆ ಸಾಲಿನ ಮೇಲೆ ತಂದಳು. ಬಾಯಿ ಮುಚ್ಚಿದ್ದರೂ ನಾಲಿಗೆ ಒಳಗೇ ಹೊರಳಿತು, ಅದೇ ನಾಲ್ಕು ಅಕ್ಷರಕ್ಕೆ. ಸುಲೋಚನಾ ತಾಳಲಾರದೆ ಕೈಚಾಚಿ ಕಾಗದ ಎಳೆದುಕೊಂಡಳು. ಅವಳ ಕಣ್ಣು ಆ ಸಾಲನ್ನು ಮುಟ್ಟಿ, ದಾಟಿ, ಕೆಳಗಿನ ಸಾಲು, ಅದರ ಕೆಳಗಿನದು, ಮಡಿಚಿದ ಅಂಚಿನ ಸಣ್ಣ ಬರಹದವರೆಗೂ ಸರಸರನೆ ಇಳಿದುಹೋಯಿತು. ತನ್ನ ಗಂಡನ ಮಾತನ್ನು ತನಗಿಂತ ಮುಂಚೆ, ತನ್ನ ಕಣ್ಣೆದುರೇ, ಇನ್ನೊಬ್ಬಳು ಇಷ್ಟು ಸಲೀಸಾಗಿ ಕುಡಿದುಬಿಟ್ಟಳಲ್ಲ ಎಂದು ತಾರಾಬಾಯಿಗೆ ಮುಖ ಬೆಚ್ಚಗಾಯಿತು. ಆ ಅಂಚಿಗೆ ಬಂದಾಗ ಸುಲೋಚನಾಳ ಮುಖ ಇಳಿಯಿತು. ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಿಚಿ ವಾಪಸು ಕೊಟ್ಟು, "ಸರಿಯಾಗೇ ಓದಿದೀರಿ," ಎಂದಳು. ಅವಳಿಂದ ಬಂದ ಮೊದಲ ಶಹಬ್ಬಾಸ್ ಅದು.

"ಚ್ಯಾಷ್ಟಿ ಮಾಡ್ಯಾನ, ಮತ್ತೇನಿಲ್ಲ," ಎಂದರು ವೈದೇಹಿ ಅಕ್ಕೋರು. ಅರವತ್ತು ದಾಟಿದ ಜೀವ. ಧಾರವಾಡದಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ, ರೈಲ್ವೆಯಲ್ಲಿರುವ ಮಗನ ಹಿಂದೆ ವಡೋದರೆ, ಸೂರತ್ ಎಲ್ಲ ಸುತ್ತಿ ಇಲ್ಲಿಗೆ ಬಂದವರು. "ಗಂಡಸೂರು ದೂರ ಹೋದ್ರ ಚ್ಯಾಷ್ಟಿ ಜಾಸ್ತಿ ಆಗ್ತದ. ಮನಿಗೆ ಹೋಗಿ ತುಪ್ಪದ ದೀಪಾ ಹಚ್ಚು. ಒಡಪಿನ್ಯಾಗ ಕೂಡಿಸಿ ಇನ್ನೊಮ್ಮೆ ಅನ್ನು. ಬರಿದ ಅಂದದ್ದು ಮುಚ್ಚಿ ಹೋಗ್ತದ."

"ಈ ಕಾಲದಲ್ಲಿ ಇದೆಲ್ಲ ಏನ್ ಅಕ್ಕೋರೆ? ನಾನು ದಿನಕ್ಕೆ ಹತ್ತು ಸಲ ಹರೀ ಹರೀ ಅಂತೀನಿ."

"ನೀ ಹತ್ತು ಸಲ ಅಂದೀ, ಆದ್ರ ಅವನು ಸತ್ತಾನಂತ ಎಂದಾದ್ರೂ ಅಂದೀಯೇನು?" ಎಂದರು ಅಕ್ಕೋರು.

ಯಾರೂ ತನಗೆ ಹೇಳಲಿಲ್ಲವೆಂದು ಕಾಂತಾಬೆನ್ ತಾನೇ "ಚೋಥೋ" ಎಂದು ತಲೆಯಾಡಿಸಿ, ಇನ್ನೊಂದು ಮಾವಿನಕಾಯಿ ತೆಗೆದುಕೊಂಡಳು. ಈಳಿಗೆ ಕರಕ್ಕೆಂದಿತು. ಮೂರು ಗಂಟೆ ಮಧ್ಯಾಹ್ನದ ಉರಿಗಾಳಿ ಒದ್ದೆ ತಟ್ಟನ್ನು ಒಳಕ್ಕೆ ಉಬ್ಬಿಸಿ ಬಿಟ್ಟಿತು. ತಾರಾಬಾಯಿ ಯಾರಿಗೂ ಹೇಳದೆ ಚಪ್ಪಲಿ ಮೆಟ್ಟಿದಳು.

ಮನೆಗೆ ಬಂದು ದೀಪ ಹಚ್ಚಿದಳು. 'ಹಿತ್ತಾಳಿ ಸಮೆಯಾಗ ಹತ್ತಿಯ ಬತ್ತಿ' ಎಂದಳು. ಅಲ್ಲಿಗೆ ನಿಂತಿತು. ಮುಂದಿನದು ಬಾಯಲ್ಲಿತ್ತು, ಅದರ ಮೇಲೆ ಬಂಡೆ ಕೂತಿತ್ತು. ಆ ಬಂಡೆಯನ್ನು ಅವಳು ಕಂಡಿರಲಿಲ್ಲ, ಆದರೂ ಅದರ ಮೂಲೆ ಮೂಲೆ ಅವಳಿಗೆ ಪಾಠವಾಗಿತ್ತು. ಟೆಲಿವಿಷನ್ ಅಂದರೆ ರೇಡಿಯೋಕ್ಕೆ ಮುಖ ಬಂದ ಹಾಗೆ ಎಂದು ಅಕ್ಕೋರು ಹೇಳಿದ್ದರು. ದೇವರ ಗೂಡಿನಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಬೂದಿ ಬಣ್ಣದ ಮನುಷ್ಯರು ಓಡಾಡುವುದನ್ನು ಅವಳು ತಾನೇ ಕಟ್ಟಿಕೊಂಡಿದ್ದಳು. ಜಯತೀರ್ಥ ಇಳಿದುಕೊಂಡಿದ್ದ ಮನೆಯ ಮುದುಕಿ ಪ್ರತಿ ಗುರುವಾರ ಸಂಜೆ ಅವನನ್ನು ನಡುಮನೆಗೆ ಕರೆದು ಕೂಡಿಸುತ್ತಿದ್ದಳಂತೆ. ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವ ಒಂದು ಹಡಗು. ವಾರಕ್ಕೊಂದು ಹೊಸ ಗ್ರಹ. ಗ್ರಹ ಹೊಸದಾದರೂ ಬಂಡೆ ಹಳೆಯದೇ ಎಂದು ಅವನು ಬರೆದಿದ್ದ. ಲೇತ್ ಯಂತ್ರದ ಮುಂದೆ ಹದಿನೈದು ವರ್ಷ ನಿಂತ ಕಣ್ಣು, ಮೊದಲು ಅದಕ್ಕೆ ಕಾಣುವುದು ಅದೇ. 'ಬಂಡೆ ಪ್ಲೈವುಡ್ಡಿನದು, ನಾಯಕನ ಮೊಣಕೈ ತಾಗಿ ಅಲುಗಾಡಿತು. ಹೋದ ವಾರ ಎಡಕ್ಕಿದ್ದುದನ್ನು ಈ ವಾರ ತಿರುಗಿಸಿ ಬಲಕ್ಕಿಟ್ಟಿದ್ದಾರೆ.' ಒಂದು ವಾರ ಥೇಟು ನಾಯಕನ ಮುಖ ಹೊತ್ತ ಇನ್ನೊಬ್ಬ ಬಂದು ಹಡಗು ಸೇರುತ್ತಿದ್ದ, ನಿಜವಾದವನು ಯಾರೆಂದು ಹೆಂಗಸಿಗೆ ಮಾತ್ರ ತಿಳಿಯುತ್ತಿತ್ತು. ಇನ್ನೊಂದು ವಾರ ಊರನ್ನೇ ಆಳುವ ಯಂತ್ರಕ್ಕೆ ನಾಯಕ ಉತ್ತರವಿಲ್ಲದ ಪ್ರಶ್ನೆ ಕೇಳುತ್ತಿದ್ದ, ಅದು ಯೋಚಿಸಿ ಯೋಚಿಸಿ ಹೊಗೆಯಾಡಿ ಸುಟ್ಟುಹೋಗುತ್ತಿತ್ತು. "ನಮ್ಮ ಸಂಘದ ಸೆಕ್ರೆಟರಿ ಇದ್ದಂಗ" ಎಂದು ಅಕ್ಕೋರು ಅಂದು, ಎಲ್ಲರೂ ಹೊಟ್ಟೆ ಹಿಡಿದು ನಕ್ಕಿದ್ದರು.

ಆದರೆ ಯಾವ ವಾರವಾದರೂ ಗ್ರಹಕ್ಕೆ ಇಳಿಯುವವರು ನಾಲ್ವರು. ಮೂವರಿಗೆ ಹೆಸರಿತ್ತು. ನಾಲ್ಕನೆಯವನಿಗೆ ಇರಲಿಲ್ಲ. ಸಾಬೂನಿನ ಜಾಹೀರಾತು ಬರುವುದಕ್ಕೆ ಮೊದಲು ಅವನು ಸಾಯುತ್ತಿದ್ದ. ಕತೆ ಮುಗಿಯುವಾಗ ನಾಯಕನ ಹರಿದ ಅಂಗಿ ಹೊಸದಾಗಿರುತ್ತಿತ್ತು, ವೈದ್ಯ ಏನೋ ಹಾಸ್ಯ ಮಾಡುತ್ತಿದ್ದ, ಮೂವರೂ ನಗುತ್ತಿದ್ದರು, ಹಡಗು ಹೊರಡುತ್ತಿತ್ತು. ಮೊದಲ ಸಲ ಅದನ್ನು ಓದಿದ ದಿನ ತಾರಾಬಾಯಿ ಬೆರಳು ಎತ್ತಿಬಿಟ್ಟಿದ್ದಳು. "ಅವತ್ತಿನ ದಿನಾನ ನಗತಾರೇನ್ರೀ? ಹತ್ತು ದಿನದ ಸೂತಕ ಬ್ಯಾಡ, ಒಂದು ಸ್ನಾನಾನರ ಮಾಡಬೇಕೋ ಬ್ಯಾಡೋ?" ಎಂದಿದ್ದಳು. "ಅದು ಕಥೆ ಕಣ್ರೀ. ಅವನು ಬರೋದೇ ಸಾಯೋಕೆ," ಎಂದು ಸುಲೋಚನಾ ನಕ್ಕಿದ್ದಳು. ನಾಲ್ಕು ವಾರ ಬಿಟ್ಟು ಬಂದ ಕಾಗದದಲ್ಲಿ, ಹಿಂದೆ ಸತ್ತವನೇ ಈ ವಾರ ಬಾಗಿಲ ಬಳಿ ಪೆಟ್ಟಿಗೆ ಹಿಡಿದು ನಿಂತಿದ್ದ, ಯಾರೂ ಏನೂ ಕೇಳಲಿಲ್ಲ ಎಂದಿತ್ತು. ಹೋಗಲಿ, ಬದುಕಿ ಬಂದನಲ್ಲ ಎಂದು ಮಿಕ್ಕವರು ಸಮಾಧಾನಪಟ್ಟರು. ತಾರಾಬಾಯಿ ಮಾತ್ರ ಆ ರಾತ್ರಿ ಮಲಗಿ, ಬಂದವನು ಅವನೇ ಅಂತ ಹೇಗೆ ಗೊತ್ತಾಗಬೇಕು, ಹೆಸರಿದ್ದರೆ ಕರೆದು ನೋಡಬಹುದಿತ್ತು ಎಂದುಕೊಂಡಳು. ಹೆಸರಿಲ್ಲದವನಿಗೆ ಒಂದು ಹಿಡಿ ಎಳ್ಳುನೀರು ಬಿಡುವುದಾದರೂ ಹೇಗೆ? ಅದಕ್ಕೇ ಪ್ರತಿ ಉತ್ತರದಲ್ಲೂ, ದೊಡ್ಡ ದೊಡ್ಡ ಸೊಟ್ಟ ಅಕ್ಷರದಲ್ಲಿ ಅವಳು ಅದನ್ನೇ ಕೇಳಿದ್ದು. ಆರೋಗ್ಯ ಕೇಳುವುದು ಬಿಟ್ಟು, ಊಟ ಕೇಳುವುದು ಬಿಟ್ಟು, ಸತ್ತವನ ಹೆಸರೇನು, ಸತ್ತವನ ಹೆಸರೇನು ಎಂದು ಗಂಡನಿಗೆ ಬರೆದವಳು ಪ್ರಪಂಚದಲ್ಲಿ ತಾನೊಬ್ಬಳೇ ಇರಬೇಕು. ಕೇಳಿ ಕೇಳಿ ಈ ಹೆಸರನ್ನು ತಾನೇ ತೆಗೆಸಿದ್ದಳು. ಅವನು ಅಮೆರಿಕಕ್ಕೆ ಹೋಗುವಾಗಲೂ ಹಾಗೇ. "ನನಗ ಇಂಗ್ಲಿಷ್ ಅಷ್ಟಕ್ಕಷ್ಟೇ, ಅಲ್ಲಿ ಅವರು ಮೂವರೂ ಡಾಕ್ಟರೇಟು, ನಾ ಯಾಕ ಹೋಗಲಿ?" ಎಂದು ಅವನು ಗೋಡೆ ನೋಡುತ್ತ ಹೇಳಿದಾಗ, "ಯಂತ್ರ ಬಿಚ್ಚಿ ಜೋಡಸವ್ರು ನೀವು. ನಾಲ್ಕು ಮಂದಿಯೊಳಗ ನಮ್ಮವರೂ ಒಬ್ಬರು ಅಂತ ನಾ ಅನಬ್ಯಾಡೇನು?" ಎಂದವಳು ತಾನೇ. ಅನ್ನಬೇಕಾಗಿದ್ದುದು ಸುಲೋಚನಾಳ ಎದುರಿಗೆ.

ದೀಪದ ಬೆಳಕಿಗೆ ಕಾಗದ ಬಿಚ್ಚಿ ಹೆಸರಿನ ಮುಂದಿನ ಸಾಲಿಗೆ ಬೆರಳಿಟ್ಟಳು. ಬಾಗಿಲು ಹಾಕಿತ್ತು; ಆದರೂ ದನಿ ತಗ್ಗಿಸಿ, ಒಂದೊಂದೇ.

'ನಗು ಬಂತೇ? ಇಲ್ಲಿ ಅವರು ಮೂವರಿಗೂ ಎದೆಗೆ ಚುಚ್ಚಿಕೊಳ್ಳಲು ಹೆಸರಿನ ಬಿಲ್ಲೆ ಕೊಟ್ಟಿದ್ದಾರೆ. ನನ್ನ ಹೆಸರು ಉದ್ದವಾಗಿ ಬಿಲ್ಲೆಯಲ್ಲಿ ಹಿಡಿಯಲಿಲ್ಲವಂತೆ. ಸಂದರ್ಶಕ ಎಂದು ಬರೆದದ್ದನ್ನೇ ಎಂಟು ತಿಂಗಳಿಂದ ಹಾಕಿಕೊಳ್ಳುತ್ತಿದ್ದೇನೆ. ಹರಿಪ್ರಸಾದರು ಒಳ್ಳೆಯವರು. ಫೋಟೋ ತೆಗೆಯುವಾಗ ಮರೆಯದೆ ಕ್ಯಾಮೆರಾವನ್ನು ನನ್ನ ಕೈಗೇ ಕೊಡುತ್ತಾರೆ. ಹೋದ ಗುರುವಾರ ಆ ನಾಲ್ಕನೆಯವನು ಬಂಡೆಯ ಹಿಂದಕ್ಕೆ ಹೋಗುವಾಗ ಮನೆಯ ಮುದುಕಿ, ನೋಡು ಇವನ ಬೆನ್ನು ನಿನ್ನ ಹಾಗೇ ಇದೆ ಎಂದಳು. ಹೌದೆಂದೆ. ಆಮೇಲೆ ನಿದ್ದೆ ಬರಲಿಲ್ಲ. ನಿನಗಲ್ಲದೆ ಇನ್ನಾರಿಗೆ ಬರೆಯಲಿ?' ಕಾಗದ ಮುಗಿದಿತ್ತು. ಗೋಂದು ಹಚ್ಚುವ ಅಂಚಿನಲ್ಲಿ, ಇರುವೆ ಸಾಲಿನಷ್ಟು ಸಣ್ಣದಾಗಿ, ಇನ್ನೊಂದು ಮಾತಿತ್ತು. ದೀಪಕ್ಕೆ ಹತ್ತಿರ ಹಿಡಿದಳು. 'ಇದನ್ನು ಅವರಿಗೆ ಓದಿ ಹೇಳಬೇಡ.'

ದೀಪದ ಮುಂದೆ ಕೂತೇ ಕಾಗದ ಮಡಿಚಿದಳು. ಅವನು ಹೋದ ಮೇಲೆ ಅವಳು ಓದಿಗೆ ಹಠ ಹಿಡಿದದ್ದು ಇದಕ್ಕಾಗಿ. ಅಕ್ಕೋರು ಓದಿ ಹೇಳುತ್ತಾರೆ ಎಂಬ ಸಂಕೋಚಕ್ಕೆ ಅವನು ಕಾಗದದ ತುಂಬ ಕತೆ ತುಂಬಿಸಿ ಕಳಿಸುತ್ತಿದ್ದಾನೆ, ತನಗೇ ಓದಲು ಬಂದರೆ ಎಂದಾದರೂ ಒಂದು ದಿನ ಒಂದು ಮಾತು ಬರೀ ತನಗೆಂದು ಬರೆದಾನು ಎಂದು, ಸ್ಲೇಟಿನ ಮೇಲೆ ಕೈ ನೋಯುವಷ್ಟು ತಿದ್ದಿದ್ದಳು. ಆ ಮಾತು ಬಂದಿತ್ತು. ಬಂದದ್ದನ್ನು ಅವಳು ಮೂರು ಜನರೆದುರು ಬಿಚ್ಚಿ, ಗಟ್ಟಿಯಾಗಿ ಕೂಗಿ, ಅವನನ್ನು ಕೊಂದು ಬಂದಿದ್ದಳು. ಕಣ್ಣಿನಲ್ಲಿ ಓದುವವರಿಗೆ ಕೆಳಗಿನ ಸಾಲು ಮೊದಲೇ ಕಾಣುತ್ತದೆ. ಬಾಯಿಯಲ್ಲಿ ಓದುವವಳಿಗೆ ಬೇಡ ಎಂಬ ಮಾತು ಕೊನೆಗೆ ಸಿಗುತ್ತದೆ. ಮತ್ತು ಆ ಬೇಡವನ್ನು ತನಗಿಂತ ಮುಂಚೆ ಸುಲೋಚನಾ ಓದಿದ್ದಳು. ಅಂಚಿಗೆ ಬಂದಾಗ ಅವಳ ಮುಖ ಇಳಿದದ್ದು ಅದಕ್ಕೆ.

ಭಾನುವಾರ ಬೆಳಿಗ್ಗೆ ನಲ್ಲಿಯ ಬಳಿ ಸುಲೋಚನಾ ತಾನೇ ಬಂದಳು. ಕೊಡ ಇಳಿಸಿ, ಮುಖ ನೋಡದೆ, "ಮನಸ್ಸಿಗೆ ಹಚ್ಕೋಬೇಡಿ. ಮೊನ್ನೆ ತಾನೆ ಹರಿ ತಂತಿ ಕಳಿಸಿದಾರೆ. ಹದಿನೈದನೇ ತಾರೀಕು ಬೊಂಬಾಯಿಗೆ ಬರ್ತೀವಿ, ಕ್ಷೇಮ ಅಂತಿದೆ," ಎಂದಳು.

"ಇವರೂ ಬರ್ತಾರಂತ ಅದನ?"

"ಬರ್ತೀವಿ ಅಂದ್ರೆ ಎಲ್ಲರೂ ತಾನೆ?"

"ಬರ್ತೀವಿ ಅಂದ್ರ ಎಷ್ಟು ಮಂದಿ?"

ಸುಲೋಚನಾಳಿಗೆ ಅದು ಯಂತ್ರಕ್ಕೆ ಕೇಳಿದ ಪ್ರಶ್ನೆಯ ಹಾಗೆ ತಾಗಿರಬೇಕು. ನೀರು ತುಂಬಿ ಹೊರಚೆಲ್ಲಿದರೂ ನಲ್ಲಿ ನಿಲ್ಲಿಸಲಿಲ್ಲ. "ಆಫೀಸಲ್ಲಿ ಲಿಸ್ಟ್ ಇರತ್ತೆ," ಎಂದಳು ಮೆಲ್ಲಗೆ. "ಬೇಕಾದ್ರೆ ನಾನೂ ಬರ್ತೀನಿ."

"ಬ್ಯಾಡ್ರಿ. ನಾನ ಹೋಗಿ ಬರ್ತೀನಿ," ಎಂದಳು ತಾರಾಬಾಯಿ.

ಸೋಮವಾರ ಒಬ್ಬಳೇ ಕೆಂಪು ಬಸ್ಸು ಹತ್ತಿದಳು. ಸೇತುವೆಯ ಮೇಲೆ ಬಸ್ಸು ನಿಂತಾಗ ಕೆಳಗೆ ನೋಡಿದರೆ ಸಾಬರಮತಿಯಲ್ಲಿ ನೀರಿರಲಿಲ್ಲ. ದಡದಿಂದ ದಡಕ್ಕೆ ಮರಳು, ಮರಳ ಮೇಲೆ ಒಣಗಲು ಹಾಸಿದ ಬಣ್ಣದ ಬಟ್ಟೆಗಳು, ನಡುವೆ ಯಾರೋ ಒಬ್ಬ ಬಿಸಿಲಿಗೆ ತಲೆ ಮುಚ್ಚಿಕೊಂಡು ಕುಂಟುತ್ತ ಹೋಗುತ್ತಿದ್ದ. ಅವನ ಹಿಂದೆ ಮುಂದೆ ಯಾರೂ ಇರಲಿಲ್ಲ. ಬಸ್ಸು ಹೊರಡುವವರೆಗೂ ಅವನು ಬಿದ್ದಾನೆಂದು ಅವಳು ಉಸಿರು ಹಿಡಿದಿದ್ದಳು. ಬೀಳಲಿಲ್ಲ. ಆ ಕಡೆಯ ದಡ ಕಾಣಿಸುವ ಮೊದಲೇ ಸೇತುವೆಯ ಕಂಬ ಅಡ್ಡ ಬಂತು.

ಪ್ರಯೋಗಶಾಲೆಯ ಕಚೇರಿಯಲ್ಲಿ ಬೆಂಚಿನ ಮೇಲೆ ಒಂದು ಗಂಟೆ ಕೂತಳು. ಗೋಡೆಗೆ ಅದೇ ಫೋಟೋ ತೂಗುಹಾಕಿದ್ದರು. ಹೋದ ವರ್ಷ ಹೊರಡುವ ಮುನ್ನ ಗುಜರಾತಿ ಪತ್ರಿಕೆಯಲ್ಲಿ ಬಂದದ್ದು. ಅದನ್ನು ಕತ್ತರಿಸಿ ಅವಳು ಅಡಿಗೆಮನೆಯ ಕಪಾಟಿನ ಒಳಗೆ ಅಂಟಿಸಿದ್ದಳು. ಹಾರ ಹಾಕಿಕೊಂಡ ಮೂವರು, ಮೂರನೆಯವನ ಹೆಗಲ ಹಿಂದೆ ಅರ್ಧ ಮುಖ, ಒಂದು ಕಿವಿ. ಕೆಳಗಿನದನ್ನು ಓದಿಸಿಕೊಂಡಾಗ ಕಾಂತಾಬೆನ್ ಮೂರು ಹೆಸರು ಓದಿ, "ಅನೇ ಬೀಜಾ" ಎಂದಿದ್ದಳು. ಹಾಗೆಂದರೆ, ಮತ್ತು ಇತರರು. ಅವತ್ತು ಅವಳು ಆ ಮಾತಿಗೆ ಖುಷಿಪಟ್ಟಿದ್ದಳು. ಆ ಕಿವಿ ತನಗೆ ಗೊತ್ತು, ಸಾಕು ಎಂದು. ಆ ಖುಷಿ ನೆನಪಾಗಿ ಈಗ ಬೆಂಚಿನ ಮೇಲೆ ಮೈ ಮುದುಡಿತು. ಕತೆ ಮೊದಲ ದಿನವೇ ಎಲ್ಲ ಹೇಳಿತ್ತು. ಅವಳಿಗೆ ಓದಲು ಬಂದಿರಲಿಲ್ಲ.

"ಬೋಲಿಯೇ ಬೆಹೆನ್‌ಜೀ," ಎಂದ ಗುಮಾಸ್ತ. ಸತ್ಯಪ್ರಕಾಶ ಎಂದು ಮೇಜಿನ ಮೇಲಿನ ಹಲಗೆಯಲ್ಲಿ ಬರೆದಿದೆಯೆಂದು ಜವಾನ ಹೇಳಿದ್ದ. ಉತ್ತರದ ಕಡೆಯವನು, ಹಿಂದಿ ಮಾತಾಡುವವನು. ಗುಮಾಸ್ತನಿಗೂ ಒಂದು ಹಲಗೆ ಇತ್ತು.

ತನಗೆ ಬರುವಷ್ಟು ಹಿಂದಿಯಲ್ಲಿ ಅವಳು ಕೇಳಿದಳು: ಅಮೆರಿಕದಿಂದ ಬರುವವರ ಪಟ್ಟಿ. ತನ್ನ ಮನೆಯವರು ಅದರಲ್ಲಿದ್ದಾರೆಯೇ.

"ಉನ್‌ಕಾ ನಾಮ್?"

ಪಕ್ಕಕ್ಕೆ ತಿರುಗಿದಳು. ಅಕ್ಕೋರು ಇರಲಿಲ್ಲ. ಗಂಟಲಲ್ಲಿ ಹಿತ್ತಾಳೆಯ ಸಮೆ ಹೊತ್ತಿಕೊಂಡಿತು, ಹತ್ತಿಯ ಬತ್ತಿ ಬಂತು. ಅದನ್ನು ಈ ಮೇಜಿನ ಮುಂದೆ ಯಾರಿಗೆ ಹೇಳುವುದು? ಗುಮಾಸ್ತ ಪೆನ್ನಿನ ಹಿಂಬದಿಯಿಂದ ಮೇಜು ಕುಟ್ಟಿದ. ಅವಳು ಮುಂದಿನ ದೀಪ ಬಿಟ್ಟು, ಹಿಂದಿನ ಹೊಸ್ತಿಲು ಬಿಟ್ಟು, ನಡುವಿನದನ್ನು ಅಂದಳು. ಎರಡು ದಿನದಲ್ಲಿ ಎರಡನೆಯ ಸಲ. ಭೂಮಿ ಬಿರಿಯಲಿಲ್ಲ.

ಅವನು ಟೈಪು ಮಾಡಿದ ಹಾಳೆಯ ಮೇಲೆ ಕಣ್ಣಾಡಿಸಿದ. ಸುಲೋಚನಾಳ ಹಾಗೆ, ಸರಸರನೆ. "ಈ ಹೆಸರಿಲ್ಲ," ಎಂದ.

ತಾರಾಬಾಯಿ ಮೇಜಿನ ಮೇಲೆ ಬಗ್ಗಿದಳು. ಹಾಳೆ ಇಂಗ್ಲಿಷಿನದು, ಅವಳಿಗೆ ಬಾರದ್ದು. ಸಾಲು ಎಣಿಸಿದಳು. ಮೂರು ಸಾಲು ಒಂದು ಗುಂಪಾಗಿ, ಸ್ವಲ್ಪ ಜಾಗ ಬಿಟ್ಟು ಇನ್ನೊಂದು. "ಕಣ್ಣಿಲೆ ನೋಡಬ್ಯಾಡ್ರಿ," ಎಂದಳು. ಕನ್ನಡದಲ್ಲೇ ಅಂದೆನೆಂದು ತಿಳಿದು, ಹುಡುಕಿ ಹುಡುಕಿ ಹಿಂದಿಯಲ್ಲಿ ಹೇಳಿದಳು: "ಉಂಗ್ಲೀ ರಖ್‌ಕೇ ಪಢಿಯೇ. ಜೋರ್ ಸೇ."

ಅವನಿಗೆ ನಗು ಬಂದಿರಬೇಕು. ಆದರೆ ಅವಳ ಮುಖ ನೋಡಿ ನಗಲಿಲ್ಲ. ಬೆರಳಿಟ್ಟು ಗಟ್ಟಿಯಾಗಿ ಓದಿದ. ಡಾಕ್ಟರ್ ಹರಿಪ್ರಸಾದ. ಆಮೇಲೆ ಇನ್ನಿಬ್ಬರು ಡಾಕ್ಟರುಗಳು, ಹೆಸರು, ತಂದೆಯ ಹೆಸರು, ವಿಮಾನದ ಸೀಟು. ಬೆರಳು ಕೆಳಗಿಳಿದು ಬಿಡಿಸಾಲಿಗೆ ಬಂತು. "ಯಂತ್ರದ ಪೆಟ್ಟಿಗೆಗಳು, ಒಂಬತ್ತು. ಜೊತೆಗೆ ಮೆಕ್ಯಾನಿಕ್, ಒಂದು." ಓದಿ ಮುಗಿಸಿ, ತಾನು ಓದಿದ್ದು ತನಗೇ ಈಗ ಕೇಳಿಸಿದ ಹಾಗೆ, ಬೆರಳನ್ನು ಅಲ್ಲೇ ಇಟ್ಟುಕೊಂಡ. "ಇದೇ ಇರಬೇಕು, ಬೆಹೆನ್‌ಜೀ. ಬರುತ್ತಿದ್ದಾರೆ. ಕ್ಷೇಮವಾಗಿದ್ದಾರೆ."

ಇದ್ದಾನೆ. ಅವಳಿಗೆ ಅಳು ಬರಬೇಕಾಗಿತ್ತು, ಬರಲಿಲ್ಲ. ಒಂಬತ್ತು ಪೆಟ್ಟಿಗೆಯ ಪಕ್ಕದಲ್ಲಿ ಒಂದು. ಬಾಗಿಲ ಬಳಿ ಪೆಟ್ಟಿಗೆ ಹಿಡಿದು ನಿಂತವನು, ಯಾರೂ ಏನೂ ಕೇಳದವನು. ಅವಳು ಎರಡು ದಿನದಿಂದ ಹೆದರಿದ್ದು ಹೆಸರು ಅಂದದ್ದಕ್ಕೆ. ಇಲ್ಲಿ ಎಂಟು ತಿಂಗಳಿಂದ ಯಾರೂ ಅಂದೇ ಇರಲಿಲ್ಲ. ಅದು ಅವಳಿಗೆ ತಿಳಿದದ್ದು ಒಂದೇಟಿಗೆ ಅಲ್ಲ; ಒಂದು ಅಕ್ಷರ, ಇನ್ನೊಂದು ಅಕ್ಷರ, ಆಮೇಲೆ ಕೂಡಿಸಿಕೊಂಡು.

"ಇಲ್ಲಿ ಹೆಸರು ಹಾಕಿರಿ," ಎಂದಳು.

"ಹಾಕಿ ಏನು ಪ್ರಯೋಜನ? ಇದು ನಮ್ಮಲ್ಲೇ ಉಳಿಯುವ ಪ್ರತಿ. ಹೋಗಬೇಕಾದ ಮೂರು ಪ್ರತಿ ಶನಿವಾರವೇ ಹೋದವು." ಆದರೂ ಹಾಳೆಯನ್ನು ತಿರುಗಿಸಿ, ಶಾಯಿ ಪೆನ್ನಿನ ಮುಚ್ಚಳ ತೆಗೆದು ಅವಳ ಕಡೆ ಚಾಚಿದ. "ನೀವೇ ಬರೆಯಿರಿ. ಬರೆಯಲು ಬರುತ್ತದೆಯೇ?"

ಅಂಗೈಯ ಬೆವರನ್ನು ಸೆರಗಿಗೆ ಒರೆಸಿಕೊಂಡು ಪೆನ್ನು ಹಿಡಿದಳು. ಸ್ಲೇಟಿನ ಕಡ್ಡಿಗಿಂತ ತೆಳ್ಳಗಿತ್ತು, ಜಾರುತ್ತಿತ್ತು. ಶನಿವಾರ ಬೆರಳ ಕೆಳಗೆ ಕಂಡ ಆಕಾರವನ್ನು ನೆನೆದು ನೆನೆದು, ಒಂಬತ್ತು ಪೆಟ್ಟಿಗೆಯ ಪಕ್ಕದ ಬಿಳಿ ಜಾಗದಲ್ಲಿ ಬರೆದಳು. ಎರಡನೆಯ ಅಕ್ಷರ ದಪ್ಪವಾಯಿತು. ಕೊನೆಯದು ಹಾಳೆಯ ಅಂಚಿಗೆ ಹೋಗಿ ಒತ್ತಿಕೊಂಡಿತು. ಹಿಡಿಯಿತು.

ಗುಮಾಸ್ತ ತಲೆ ಓರೆ ಮಾಡಿ ನೋಡಿದ. "ಯೇ ಕೌನ್ಸೀ ಲಿಪಿ ಹೈ? ಇಸೇ ಯಹಾಂ ಕೌನ್ ಪಢೇಗಾ?"

ಇದನ್ನು ಇಲ್ಲಿ ಯಾರು ಓದುತ್ತಾರೆ. ಅವಳು ಪೆನ್ನು ಕೆಳಗಿಟ್ಟಳು. ಇನ್ನೂ ಹಸಿಯಾಗಿದ್ದ ಶಾಯಿಯ ಕೆಳಗೆ ತಾಗದ ಹಾಗೆ ಬೆರಳಿಟ್ಟಳು. ಈ ಸಲ ಬಾಯಿಗಿಂತ ಮೊದಲೇ ಅವಳಿಗೆ ಗೊತ್ತಿತ್ತು ಅದು ಯಾರೆಂದು. ಅಕ್ಕೋರ ಪಡಸಾಲೆಯಲ್ಲಿ ಓದುತ್ತಿದ್ದಷ್ಟೇ ಗಟ್ಟಿಯಾಗಿ, ಬೆರಳು ಸರಿಸುತ್ತ, ಬಿಡಿಬಿಡಿಯಾಗಿ, ಆಮೇಲೆ ಕೂಡಿಸಿ ಓದಿದಳು. ಎರಡು ಟೈಪ್‌ರೈಟರುಗಳು ನಿಂತವು. ಫೈಲುಗಳ ರಾಶಿಯ ಹಿಂದಿನಿಂದ, ಕಾಣದ ಯಾರೋ ಒಬ್ಬ, ಬಾಗಿಲಲ್ಲಿ ಯಾರನ್ನೋ ಕರೆದರೆಂದುಕೊಂಡು ಕೇಳಿದ:

"ಕೋಣ್? ಕೋಣ್ ಆವ್ಯುಂ?"

ಯಾರು? ಯಾರು ಬಂದರು?

ತಾರಾಬಾಯಿ ಬೆರಳು ತೆಗೆಯಲಿಲ್ಲ. ಮೊದಲ ಅಕ್ಷರಕ್ಕೆ ಮತ್ತೆ ತಂದಿಟ್ಟಳು.